ಕಚ್ಚಿ ಕುಡಿದ ನೀರು

ಅಂಬುಜಾ ಆಂಟಿಗೆ ಕಲೆ ಗಿಲೆ ಏನೂ ತಿಳಿಯದು. ಆದರೂ 2007ರ ಆ ಶನಿವಾರ ರೇಷ್ಮೆ ಸೀರೆಯುಟ್ಟು, ತಾವು ನೆಲೆಸಿದ್ದ ಪರದೇಶದ ಬಡಾವಣೆ ಸ್ಯಾಂಡ್ರಿಂಗಮ್ಮಿನ ಸಮುದಾಯ ಭವನಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ನಿಂತರು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನೇಪಾಳದ ಕಲಾವಿದೆ ಸಬಿತಾಳ ಮೊದಲ ಪ್ರದರ್ಶನ ಅದು.

ಪ್ರದರ್ಶನವೆಂದರೆ ಒಂದು ಹಿತ್ತಾಳೆ ಕೊಡ, ಒಂದಷ್ಟು ಲೋಟ, ಮತ್ತು ಊರಿಂದ ಬಂದಿದ್ದ ಅವಳ ತಾಯಿ ಮನಮಾಯಾ. ಅವರದು ದರ್ಜಿಗಳ ಜಾತಿ, ನೇಪಾಳದಲ್ಲಿ ಅಸ್ಪೃಶ್ಯರೆನಿಸಿಕೊಂಡದ್ದು. ಇವರು ಹೊಲಿದ ಬಟ್ಟೆಯುಟ್ಟು ಮದುವೆಯಾದ ಮೇಲ್ಜಾತಿಯವರು ಇವರ ಕೈಯ ನೀರು ಮಾತ್ರ ಮುಟ್ಟುತ್ತಿರಲಿಲ್ಲ. ಇಲ್ಲಿ ಬಂದವರೆಲ್ಲ ಆ ಕೈಯಿಂದಲೇ ನೀರು ಕುಡಿಯಬೇಕು, ಅದೇ ಕಲೆ. ಯಾರೂ ಕುಡಿಯದಿದ್ದರೆ ಎಂದು ಮನಮಾಯಾ ಬೆಳಗಿನಿಂದ ಒದ್ದಾಡುತ್ತಿದ್ದರು.

ಮೊದಲ ಲೋಟ ಆಂಟಿಯದು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ: ಕತ್ತು ಹಿಂದಕ್ಕೆ ಬಾಗಿಸಿ, ಲೋಟ ಮೇಲೆತ್ತಿ, ತುಟಿಗೆ ತಾಗಿಸದೆ ಗಟಗಟ ಸುರಿದುಕೊಂಡರು. ಮೈಸೂರಿನಲ್ಲಿ ಅವರ ಅಜ್ಜಿ ಕಲಿಸಿದ್ದೇ ಹಾಗೆ.

ಸಾಲಿನಲ್ಲಿದ್ದ ಬಿಳಿಯರು ಇದೇ ಪದ್ಧತಿಯೆಂದುಕೊಂಡು ಭಕ್ತಿಯಿಂದ ಲೋಟ ಎತ್ತಿದರು. ಒಬ್ಬನ ಮೂಗಿಗೆ ನೀರು ಹೊಕ್ಕಿತು, ಇನ್ನೊಬ್ಬಳ ಅಂಗಿ ತೊಪ್ಪೆಯಾಯಿತು. ಭವನದ ತುಂಬ ಕೆಮ್ಮು, ನಗು. ಮನಮಾಯಾ ಒಬ್ಬರು ನಗಲಿಲ್ಲ.

“ನಿಮ್ಮಮ್ಮನಿಗೆ ಏನಾಯ್ತೇ?” ಆಂಟಿ ತಮ್ಮ ಮೈಸೂರು ಹಿಂದಿಯಲ್ಲಿ ಕೇಳಿದರು.

“ಊರಲ್ಲಿ ಅಮ್ಮ ಮುಟ್ಟಿದ್ದನ್ನ ಯಾರೂ ಬಾಯಿಗೆ ತಾಗಿಸಲ್ಲ, ಆಂಟಿ,” ಎಂದಳು ಸಬಿತಾ. “ಇಲ್ಲೂ ಹಾಗೇ ಅಂದುಕೊಂಡಿದ್ದಾರೆ.”

ಇದು ಬರೀ ಅಭ್ಯಾಸ ಕಣೇ ಎನ್ನಲು ಬಾಯಿ ತೆರೆದ ಆಂಟಿಗೆ, ಹಿತ್ತಲಲ್ಲಿ ಕೆಲಸದ ಹೆಂಗಸಿನ ಬೊಗಸೆಗೆ ಅಜ್ಜಿ ಎತ್ತರದಿಂದ ನೀರು ಹೊಯ್ಯುತ್ತಿದ್ದದ್ದು ನೆನಪಾಯಿತು. ಅವರಿಗೆ ನಾಚಿಕೆಯಾಯಿತು.

ಮನಮಾಯಾ ಅರ್ಧ ಕುಡಿದಿಟ್ಟ ಲೋಟ ಮೇಜಿನ ಮೇಲಿತ್ತು. ಆಂಟಿ ಅದನ್ನೇ ಎತ್ತಿಕೊಂಡು ಎಲ್ಲರೆದುರು ಕಚ್ಚಿ ಕುಡಿದರು. ರೂಢಿಯಿಲ್ಲದ್ದಕ್ಕೆ ಸ್ವಲ್ಪ ನೀರು ಗಲ್ಲದ ಮೇಲೆ ಹರಿದು ರೇಷ್ಮೆ ಸೀರೆಗೂ ಇಳಿಯಿತು. ಸಾಲಿನವರು, ಸದ್ಯ ಹೀಗೂ ಕುಡಿಯಬಹುದಲ್ಲ ಎಂದು ಉಸಿರುಬಿಟ್ಟು ಲೋಟಗಳನ್ನು ತುಟಿಗಿಟ್ಟರು.

ಮನಮಾಯಾ ಆಂಟಿಯನ್ನೇ ನೋಡುತ್ತ ನಿಂತರು. ಆಮೇಲೆ ಮುಖವರಳಿಸಿ ಕೊಡ ಬಗ್ಗಿಸಿದರು. ಪರಜಾತಿಯ ಅತಿಥಿಗೆ ಎರಡನೇ ಸಲ ಉಪಚಾರ ಹೇಳುವ ಭಾಗ್ಯ ಆಕೆಗೆ ಜನ್ಮದಲ್ಲಿ ಬಂದಿರಲಿಲ್ಲ.

“ಇನ್ನೊಂದು ಲೋಟ ಕೊಡಲಾ, ದೀದಿ?”

ಹೊಟ್ಟೆ ತುಂಬಿದ್ದರೂ ಆಂಟಿ ಮತ್ತೆ ಮೂರು ಲೋಟ ಕುಡಿದರು.