ಐದನೆಯ ಪುಟ

ತಗಡಿನ ಪೆಟ್ಟಿಗೆಯ ಮುಚ್ಚಳ ಏಳಲೊಲ್ಲದು. ಗೌಹರ್ ಚಮಚದ ಹಿಡಿ ತೂರಿಸಿ ಮೀಟುತ್ತಿದ್ದಾಗ ಅಂಗಳದಿಂದ ಯಶವಂತ್ ಮತ್ತೆ ಕೂಗಿದ.

"ಆಂಟೀ, ಅಪ್ಪನ ಆಧಾರ್ ಸಿಕ್ತಾ? ಹೆಬ್ಬಾಳದ ಚಿತಾಗಾರದಲ್ಲಿ ಹನ್ನೆರಡೂವರೆಗೆ ಟೈಮ್ ಕೊಟ್ಟಿದಾರೆ. ಒರಿಜಿನಲ್ ಬೇಕಂತೆ."

"ಹುಡುಕ್ತಾ ಇದೀನಪ್ಪ, ಇರು."

ಮುನಿರಾಮಯ್ಯನ ಕಾಗದಪತ್ರಗಳ ಗುಟ್ಟು ಹೆಂಡತಿ ಮಗನಿಗಿಂತ ಗೌಹರಳಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂದು ಕೊಡಿಗೇಹಳ್ಳಿಯ ಆ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಯಶವಂತಪುರದ ಗ್ರಂಥಾಲಯದಲ್ಲಿ ಇಬ್ಬರೂ ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿ ದುಡಿದವರು. ಅವನು ಹಳೆಯ ಪತ್ರಿಕೆಗಳ ಪುಟಪುಟವನ್ನೂ ಮೈಕ್ರೋಫಿಲ್ಮಿಗೆ ಇಳಿಸುವವನು. ಅವಳು ಆ ಫಿಲ್ಮನ್ನು ಬೆಳಕಿನ ಮೇಜಿನ ಮೇಲೆ ಹಾಸಿ, ಪತ್ರಿಕೆಯ ಜೊತೆ ತಾಳೆ ನೋಡಿ, ಒಂದು ಪುಟವೂ ಬಿಟ್ಟುಹೋಗಿಲ್ಲವೆಂದು ಸಹಿ ಹಾಕುವವಳು. ನಿನ್ನೆ ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಮುನಿರಾಮಯ್ಯ ಮತ್ತೆ ಮೇಲೇಳಲಿಲ್ಲ. ಸುದ್ದಿ ಕೇಳಿ ಗೌಹರ್ ಸ್ವಂತ ಅಣ್ಣ ಹೋದಂತೆಯೇ ಅತ್ತಿದ್ದಳು.

ಮುಚ್ಚಳ ಕಿತ್ತುಬಂತು. ಆಧಾರ್ ಕಾರ್ಡು ಮೇಲೆಯೇ ಇತ್ತು. ಅದರ ಕೆಳಗೆ ಗ್ರಂಥಾಲಯದ ಅವರ ಕೋಣೆಯ ಭೂತಗನ್ನಡಿ. ಅದರ ಕೆಳಗೊಂದು ಕಂದು ಲಕೋಟೆ. ಅದರೊಳಗೆ ಹಳದಿಯಾದ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು ಮತ್ತು ಬೆರಳುದ್ದದ ಒಂದು ಫಿಲ್ಮ್ ತುಂಡು.

ಕೈ ತನ್ನ ಹಳೆಯ ಚಾಳಿ ಮರೆತಿರಲಿಲ್ಲ. ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯನ್ನು ಕಣ್ಣಿಗೊತ್ತಿದಳು. ಕಪ್ಪು ಪುಟದ ತುಂಬ ಬಿಳಿ ಅಂಕಿಗಳ ಸಾಲು. ಅರವತ್ತೊಂಬತ್ತರ ಜೂನ್ ಹದಿನಾಲ್ಕು, ಐದನೆಯ ಪುಟ. ಕೆಳಗಿನ ಮೂಲೆ ಹರಿದಿದ್ದು, ಯಾರೋ ಕಾಗದದ ತೇಪೆ ಹಚ್ಚಿದ್ದರು.

ಗೌಹರ್ ನೆಲದ ಮೇಲೆ ಕೂತು, ಹಾಲ್ ಟಿಕೆಟ್ಟಿನ ನಂಬರನ್ನು ಆ ಸಾಲುಗಳಲ್ಲಿ ಹುಡುಕತೊಡಗಿದಳು.

*

ಅದು ತೊಂಬತ್ತೊಂದನೆಯ ಇಸವಿ. ಒಬ್ಬ ವಕೀಲರು ಯಾವುದೋ ಕೇಸಿಗೆಂದು ಆ ದಿನದ ಪತ್ರಿಕೆ ಕೇಳಿಕೊಂಡು ಬಂದರು. ಫಿಲ್ಮಿನ ಸುರುಳಿಯಲ್ಲಿ ನಾಲ್ಕನೆಯ ಪುಟವಾದ ಮೇಲೆ ನೇರ ಆರನೆಯದು. ಹೋಗಲಿ ಎಂದರೆ ಮೂಲ ಪತ್ರಿಕೆಯೂ ಇಲ್ಲ. ಫಿಲ್ಮ್ ಆಯಿತಲ್ಲ, ಇನ್ನು ಜಾಗ ಯಾಕೆ ದಂಡ ಎಂದು ಅವನ್ನೆಲ್ಲ ಲಾರಿಗಟ್ಟಲೆ ರದ್ದಿಗೆ ಹಾಕಿ ಆಗಿತ್ತು. ಉಳಿದದ್ದು ತಾಳೆ ಪುಸ್ತಕದಲ್ಲಿದ್ದ ಗೌಹರಳ ಸಹಿ ಒಂದೇ.

"ನಾನು ಆ ಪುಟ ನೋಡಿದೀನಿ ಸಾರ್," ಎಂದಳು ಅವಳು, ಮುಖ್ಯಸ್ಥ ಸೋಮನಾಥರ ಮೇಜಿನ ಮುಂದೆ ನಿಂತು. "ಬರೀ ಎಸ್ಸೆಸ್ಸೆಲ್ಸಿ ಪಾಸಾದೋರ ನಂಬರುಗಳು. ಮೂಲೇಲಿ ತೇಪೆ ಹಚ್ಚಿದ್ರು."

ಪಕ್ಕದಲ್ಲಿದ್ದ ಮುನಿರಾಮಯ್ಯ ಮೆಲ್ಲಗೆ ಬಾಯಿ ಹಾಕಿದ. "ಸಾರ್, ಪಾಪ, ದಿನಕ್ಕೆ ಆರ್ನೂರು ಪುಟ ನೋಡೋ ಕಣ್ಣು. ಅವ್ಳು ನೋಡಿದ್ದು ಇದಲ್ಲ, ಮುಂದಿನ ವರ್ಷದ್ದು, ಎಪ್ಪತ್ತನೇ ಇಸ್ವಿ ಪುಟ. ದೊಡ್ಡ ಮನಸ್ಸು ಮಾಡಿ ಬಿಟ್ಬಿಡಿ."

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೂ ಸಮಾಧಾನ ಹೇಳಿದ. "ಗೌಹರಮ್ಮ, ಕಣ್ಣು ಯಾರಿಗ್ ತಾನೇ ಮೋಸ ಮಾಡಲ್ಲ? ತಪ್ಪಾಯ್ತು ಅಂತ ಬರ್ಕೊಟ್ಬಿಡು. ನಾನಿದೀನಿ."

ಅವಳು ಬರೆದುಕೊಟ್ಟಳು. ಬೆಳಕಿನ ಮೇಜಿನಿಂದ ಎಬ್ಬಿಸಿ ಬಾಗಿಲ ಬಳಿ ಕೂರಿಸಿದರು, ಬಂದವರ ಚೀಲ ಇಸಿದುಕೊಂಡು ಟೋಕನ್ ಕೊಡಲು. ನಿವೃತ್ತಿಯವರೆಗೂ ಅದೇ ಕೆಲಸ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅಂದಿನಿಂದ ಅವಳು ತನ್ನ ಕಣ್ಣನ್ನೇ ನಂಬದಾದಳು. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುವಳು. ಬಸ್ಸಿನ ಬೋರ್ಡು ಓದಿ, ಪಕ್ಕದವರನ್ನು ಕೇಳಿಯೇ ಹತ್ತುವಳು. ಮಗಳ ಮದುವೆ ಕಾರ್ಡನ್ನು ಅಚ್ಚಿಗೆ ಮುಂಚೆ ಒಮ್ಮೆ ನೋಡಿಕೊಡು ಎಂದರೆ, "ನಂಗೆ ಬೇಡ, ಏನಾದ್ರೂ ಬಿಟ್ಬಿಡ್ತೀನಿ," ಎಂದು ಒಳಗೆ ಹೋಗಿದ್ದಳು.

ಮುನಿರಾಮಯ್ಯ ಮಾತ್ರ ರಂಜಾನಿಗೆ ತಪ್ಪದೆ ಮೂಸಂಬಿ ಹಿಡಿದು ಮನೆಗೆ ಬರುತ್ತಿದ್ದ. ತನ್ನ ಪರವಾಗಿ ಮಾತಾಡಿದವನು ಇವನೊಬ್ಬನೇ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

*

ಮುನಿರಾಮಯ್ಯನ ಹೆಂಡತಿ ವೇದವತಿ ಒಳಗೆ ಬಂದಳು. ಗೌಹರಳ ಕೈಯಲ್ಲಿದ್ದುದನ್ನು ನೋಡಿದಳು. ಅದೇನೆಂದು ಕೇಳಲಿಲ್ಲ. ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು. ಗೌಹರಳಿಗೆ ಅಷ್ಟು ಸಾಕಾಯಿತು.

"ಅಣ್ಣನ ನಂಬರು ಮೂವತ್ತೆರಡು ಸಾವಿರದ ನಾನೂರ ಹದಿನಾಲ್ಕು," ಎಂದಳು, ಹಾಲ್ ಟಿಕೆಟ್ಟು ನೋಡುತ್ತ. "ಫಿಲ್ಮಲ್ಲಿ ಅದಿಲ್ಲ ವೇದಾ."

"ಪಾಸಾಗಿರ್ಲಿಲ್ಲ ಅಕ್ಕ. ಕೆಲಸಕ್ಕೆ ಕೊಟ್ಟಿದ್ದ ಮಾರ್ಕ್ಸ್ ಕಾರ್ಡು ಸುಳ್ಳು." ವೇದವತಿ ಗೋಡೆಗೊರಗಿದಳು. "ಯಾರೋ ಮೂಗರ್ಜಿ ಹಾಕಿದ್ರು. ರಿಸಲ್ಟ್ ಬಂದ ದಿನದ ಪೇಪರ್ ತೆಗೆಸಿ ನೋಡ್ತಾರೆ ಅಂತ ಹೆದರ್ಕೊಂಡ್ರು. ನೀವು ಸಹಿ ಹಾಕಿದ್ಮೇಲೆ ಆ ಪುಟ ಕತ್ತರಿಸಿ ಫಿಲ್ಮ್ ಅಂಟಿಸಿಬಿಟ್ರು. ನಿಮ್ಮ ತಲೆ ಮೇಲೆ ಬರುತ್ತೆ ಅಂದ್ಕೊಂಡಿರ್ಲಿಲ್ಲ."

"ಬಂದ್ಮೇಲೆ?"

ವೇದವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಂಗೆ ಯಾವಾಗಿಂದ ಗೊತ್ತು?"

"ಆವಾಗ್ಲಿಂದ."

"ಮೂವತ್ಮೂರು ವರ್ಷ ಎದುರಿಗೆ ಕೂರಿಸ್ಕೊಂಡು ಒಬ್ಬಟ್ಟು ಬಡಿಸಿದ್ಯಲ್ಲೇ ನಂಗೆ!"

ಕದ್ದವನು ಕದ್ದದ್ದನ್ನು ಸುಟ್ಟುಬಿಡಬಹುದಿತ್ತು. ಸುಡಲು ಮನಸ್ಸಾಗಲಿಲ್ಲ, ಅವಳ ಕೈಗೆ ಕೊಡಲು ಗಂಡಸುತನವೂ ಇರಲಿಲ್ಲ. ಮೂಸಂಬಿ ತರಲು ಮಾತ್ರ ಮರೆಯಲಿಲ್ಲ, ಪುಣ್ಯಾತ್ಮ.

"ಅಕ್ಕ, ಅವ್ರ ಜೇಬಲ್ಲಿ ಇಟ್ಬಿಡೋಣ. ಅವ್ರ ಜೊತೆಗೇ ಸುಟ್ಟು ಹೋಗ್ಲಿ," ವೇದವತಿ ಕೈ ಹಿಡಿದುಕೊಂಡಳು. "ಯಶವಂತನಿಗೆ ಏನೂ ಗೊತ್ತಿಲ್ಲ. ಅಪ್ಪ ಅಂದ್ರೆ ದೇವ್ರು ಅವನಿಗೆ. ನಿಮ್ಮ ಕಾಲಿಗೆ ಬೀಳ್ತೀನಿ."

ಗೌಹರ್ ಕೈ ಬಿಡಿಸಿಕೊಂಡು, ಫಿಲ್ಮನ್ನೂ ಭೂತಗನ್ನಡಿಯನ್ನೂ ಹಿಡಿದು ಎದ್ದಳು. ಚಿಲಕ ತೆಗೆದು ಹೊರಗೆ ಬಂದು, ಯಶವಂತನಿಗೆ ಆಧಾರ್ ಕಾರ್ಡು ಕೊಟ್ಟಳು. "ಥ್ಯಾಂಕ್ಸ್ ಆಂಟಿ, ನೀವಿಲ್ದಿದ್ರೆ ಕಷ್ಟ ಇತ್ತು," ಎಂದ ಅವನು. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಶಾಮಿಯಾನದ ಕೆಳಗೆ ಮುನಿರಾಮಯ್ಯ ಮೂಗಿಗೆ ಹತ್ತಿ ಇಟ್ಟುಕೊಂಡು, ಹೂವಿನ ಹಾರದಡಿಯಲ್ಲಿ ಮಲಗಿದ್ದ. ಹೆಂಗಸರು ಸಾಲಾಗಿ ಬಂದು ಬಾಯಿಗೆ ಅಕ್ಕಿ ಹಾಕುತ್ತಿದ್ದರು. ಶಾಮಿಯಾನದ ಅಂಚಿಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ಸೋಮನಾಥರು ಕೂತಿದ್ದರು. ಎಂಬತ್ತಾಗಿತ್ತು. ಬೆಳಿಗ್ಗೆ ಅವರನ್ನು ಕಂಡು ಗೌಹರ್ ಎಂದಿನಂತೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದಿದ್ದಳು.

ಈಗ ನೇರ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತಳು.

"ಸಾರ್, ನಾನು ಗೌಹರ್. ಅರವತ್ತೊಂಬತ್ತು, ಜೂನ್ ಹದಿನಾಲ್ಕು, ಐದನೇ ಪುಟ." ಫಿಲ್ಮನ್ನು ಅವರ ಅಂಗೈಯಲ್ಲಿಟ್ಟಳು. "ಇವತ್ತು ಸಿಕ್ತು. ಇದೇ ಮನೇಲಿ. ನೋಡಿ ಸಾರ್, ಚೆನ್ನಾಗಿ ನೋಡಿ."

ಅವರು ಅದರ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಕನ್ನಡಕ ತೆಗೆದರು. ಎರಡೂ ಕಣ್ಣು ಬೆಳ್ಳಗಾಗಿದ್ದವು.

"ನಂಗೇನೂ ಕಾಣಲ್ಲಮ್ಮ, ಮೂರು ವರ್ಷ ಆಯ್ತು," ಎಂದರು. "ಏನಿದೆ ಅದರಲ್ಲಿ? ನೀನೇ ಓದಿ ಹೇಳು."

"ಎತ್ತಿ, ಎತ್ತಿ, ಹೊತ್ತಾಯ್ತು," ಎಂದು ಯಾರೋ ಕೂಗಿದರು. ಕೂತವರೆಲ್ಲ ಎದ್ದು ನಿಂತರು. ಬಾಗಿಲಲ್ಲಿ ವೇದವತಿ ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಳು, ಯಾರಿಗೆ ಮುಗಿಯುತ್ತಿದ್ದಾಳೆಂದು ಜನರಿಗೆ ತಿಳಿಯಲಿಲ್ಲ.

ಗೌಹರ್ ಏಳಲಿಲ್ಲ. ಫಿಲ್ಮನ್ನು ಅವರ ಕೈಯಿಂದ ತೆಗೆದು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಭೂತಗನ್ನಡಿ ಒತ್ತಿಕೊಂಡು ಓದತೊಡಗಿದಳು. ಯಶವಂತ್ ಹೆಗಲು ಕೊಟ್ಟ. ಚಟ್ಟ ಮೇಲೆದ್ದು ಅವಳ ಪಕ್ಕದಲ್ಲೇ ಹಾದು ಗೇಟಿನತ್ತ ನಡೆಯಿತು. ಅವಳು ಕತ್ತೆತ್ತಲಿಲ್ಲ, ದನಿ ಮಾತ್ರ ಎತ್ತರಿಸಿದಳು.

"ಮೂವತ್ತೆರಡು ಸಾವಿರದ ನಾನೂರ ಹನ್ನೆರಡು. ಮೂವತ್ತೆರಡು ಸಾವಿರದ ನಾನೂರ ಹದಿಮೂರು. ಮೂವತ್ತೆರಡು ಸಾವಿರದ ನಾನೂರ ಹದಿನೈದು."