ಮುಂದಾಳುವಿನ ಗಂಟು

ಮುಳುಗಿದ ಹಡಗುಗಳ ಒಳಹೊಕ್ಕು ಬರುವವರು ಈ ಕಥೆಯನ್ನು ನಗುತ್ತಲೇ ಆರಂಭಿಸುತ್ತಾರೆ. ಎಷ್ಟೋ ಹಡಗುಗಳ ಕತ್ತಲೆಯಿಂದ ಒಂದು ಗೀರೂ ಬೀಳದೆ ಮೇಲೆದ್ದು ಬಂದಿದ್ದ ಮುಂದಾಳು ಪ್ರಾಣ ಬಿಟ್ಟದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಗಡ್ಡ ಬೋಳಿಸಿಕೊಂಡು.

ಅವನ ಬೆನ್ನ ಹಿಂದೆಯೇ ಇಳಿಯುತ್ತಿದ್ದ ಜೊತೆಗಾರನನ್ನು ಎಲ್ಲರೂ ನೆರಳು ಎಂದೇ ಕರೆಯುತ್ತಿದ್ದರು. ಪ್ರೀತಿಯಿಂದ ಇಟ್ಟ ಹೆಸರೇ; ಆದರೆ ಅದು ಅವನ ಗಂಟಲಲ್ಲಿ ಮುಳ್ಳಿನಂತೆ ಕುಳಿತು ವರ್ಷಗಳಾಗಿದ್ದವು. ಸುದ್ದಿ ತಿಳಿದಾಗ ನೆರಳು ಬಿಕ್ಕಿ ಬಿಕ್ಕಿ ಅತ್ತ. ಅಳುವಿನ ನಡುವೆಯೇ, ಇನ್ನು ಮುಂದೆ ನಾನೇ ಮುಂದೆ ಎಂಬ ಯೋಚನೆ ಬಂತು. ನಾಚಿಕೆಯಾಯಿತು. ಯೋಚನೆ ಮಾತ್ರ ಹೋಗಲಿಲ್ಲ.

ಹಡಗಿನ ಒಳಗೆ ಕಾಲು ಒಂದಿಷ್ಟು ತಗುಲಿದರೂ ಕೆಸರೆದ್ದು ದೀಪ ಕುರುಡಾಗುತ್ತದೆ. ಆಗ ಹೊರದಾರಿ ತೋರುವುದು ಬಾಗಿಲಿಗೆ ತುದಿ ಕಟ್ಟಿ, ಕೈಯಲ್ಲಿನ ರಾಟೆಯಿಂದ ಬಿಚ್ಚುತ್ತ ಎಳೆದು ತಂದ ದಾರವೊಂದೇ. ಮುಂದಿನವನು ದಾರ ಹಾಸುತ್ತಾನೆ, ತಿರುವಿಗೊಂದು ಗಂಟು ಹಾಕುತ್ತಾನೆ. ಹಿಂದಿನವನು ಅದನ್ನು ಸವರುತ್ತ ಬರುತ್ತಾನೆ. ದಪ್ಪ ಕೈಗವಸಿನಲ್ಲೂ ಹಾಕಬಹುದಾದ ಒಂದು ಗಂಟಿಗೆ ಆ ಕಡಲಂಚಿನಲ್ಲೆಲ್ಲ ಮುಂದಾಳುವಿನ ಗಂಟು ಎಂದೇ ಹೆಸರು. ಅದನ್ನು ಕಂಡುಹಿಡಿದವನು ನೆರಳು. ಚಳಿಗಾಲದ ಒಂದು ಮುಂಜಾನೆ ದೋಣಿಯಲ್ಲಿ ಕುಳಿತು ಮುಂದಾಳುವಿಗೆ ಕಲಿಸಿಯೂ ಕೊಟ್ಟಿದ್ದ.

ಸತ್ತವನ ರಾಟೆಯನ್ನು ಕೈಯಿಂದ ಕೈಗೆ ದಾಟಿಸುವುದು ಅವರ ಪದ್ಧತಿ. ರಾಟೆ ಹಿಡಿದವನು ಸತ್ತವನೊಡನೆ ಇಳಿದ ಒಂದು ದಿನದ ಕಥೆ ಹೇಳಬೇಕು; ಉಳಿದವರು ಬಿಚ್ಚಿದ ದಾರ ಹಿಡಿದು ಬಾಯಿ ಮುಚ್ಚಿಕೊಂಡಿರಬೇಕು. ಮರುದಿನ ರಾಟೆಯನ್ನು ಕೆಳಗೆ ಒಯ್ದು ಹಡಗಿನಲ್ಲೇ ಕಟ್ಟಿ ಬರುತ್ತಾರೆ. ಯಾರು ಒಯ್ಯಬೇಕೆಂಬುದನ್ನು ಮನೆಯವರು ಹೇಳುತ್ತಾರೆ. ನೆರಳು ಕಾದಿದ್ದುದು ಅದಕ್ಕೇ.

ಸಿಲಿಂಡರುಗಳಿಗೆ ಗಾಳಿ ತುಂಬುವ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಗೋಡೆಯುದ್ದಕ್ಕೂ ರಬ್ಬರಿನ ಉಡುಪುಗಳು ತಲೆಯಿಲ್ಲದ ಜನರಂತೆ ನೇತಾಡುತ್ತಿದ್ದವು. ರಾಟೆ ದೋಣಿ ನಡೆಸುವವಳ ಕೈಗೆ ಬಂತು.

"ಹಡಗಿನ ಅಡುಗೆಕೋಣೇಲಿ ಕೆಸರೆದ್ದು ನಮ್ಮ ನೆರಳಣ್ಣ ದಾರ ಬಿಟ್ಟಿದ್ರಲ್ಲ, ಆ ದಿನ," ಎಂದಳು ಆಕೆ. "ನಾನು ದೋಣೀಲೇ ಇದ್ದೆ. ಇಬ್ಬರೂ ಮೇಲೆದ್ದಾಗ ಯಜಮಾನ್ರ ಕೈ ಇವರ ಕತ್ತಿನ ಮೇಲಿತ್ತು. ಬೆಕ್ಕು ಮರೀನ ಕಚ್ಕೊಂಡು ಬರುತ್ತಲ್ಲ, ಹಾಗೆ ತಂದಿದ್ರು!"

ಶೆಡ್ಡು ಕಣ್ಣೀರಿನಲ್ಲೂ ನಕ್ಕಿತು. ನೆರಳಿನ ಮೈ ಉರಿದುಹೋಯಿತು. ಮುಂದಿನ ಸರದಿ ಅವನದೇ.

"ದಾರ ಬಿಟ್ಟವನು ನಾನಲ್ಲ," ಎಂದ. "ಅವನು."

ರಾಟೆಯನ್ನು ಹತ್ತಿರ ಎಳೆದುಕೊಂಡು ಮುಂದುವರಿಸಿದ.

"ಕೊಕ್ಕೇಲಿ ತಾಮ್ರದ ಕೆಟಲ್ ನೇತಾಡ್ತಿತ್ತು. ಅದರ ಆಸೆಗೆ ದಾರದಿಂದ ಕೈ ತೆಗೆದ. ಹೊಸಬರು ಮಾಡಿದ್ರೆ ಬೈದು ಮನೆಗೆ ಅಟ್ಟೋ ತಪ್ಪು ಅದು. ನಾನು ಒಂದು ಕೈ ದಾರದ ಮೇಲಿಟ್ಟು, ಇನ್ನೊಂದು ಕೈಲಿ ಕೆಸರು ತಡಕಾಡಿ ಅವನ ಕಾಲು ಹಿಡಿದೆ. ಕತ್ತಿನ ಮೇಲಿತ್ತಲ್ಲ ಕೈ, ಅದು ನಡುಗ್ತಿತ್ತು. ನೀವ್ಯಾರೂ ಅದನ್ನ ನೋಡಲಿಲ್ಲ."

ಹೇಳಿ ಮುಗಿಸಿದಾಗ ಎದೆ ಹಗುರವಾದಂತಿತ್ತು. ಆಗ ಗಾಳಿ ತುಂಬುವ ತಾತ ಗಂಟಲು ಸರಿಮಾಡಿಕೊಂಡ.

"ಅಯ್ಯೋ ಮಂಕೇ! ಅಂಥವನು ದಾರ ಬಿಡ್ತಾನೇನೋ? ಬೇಕಂತಲೇ ಬಿಟ್ಟಿರ್ತಾನೆ. ನಿನ್ನ ಪರೀಕ್ಷೆ ಮಾಡೋಕೆ!"

ಶೆಡ್ಡಿನ ತುಂಬ ನೆಮ್ಮದಿಯ ನಿಟ್ಟುಸಿರು ಹರಡಿತು. "ಹೌದಲ್ವಾ! ಪ್ರಾಣ ಪಣಕ್ಕಿಟ್ಟು ಕಲಿಸಿದಾರೆ," ಎಂದು ದೋಣಿಯವಳು ಕಣ್ಣೊರೆಸಿಕೊಂಡಳು. ಇದ್ದೊಂದು ಸಾಹಸವೂ ನೆರಳಿನ ಕಣ್ಣೆದುರೇ ಸತ್ತವನ ಪಾಲಾಯಿತು. ಸತ್ತ ಮೇಲೂ ಕಸಿದುಕೊಳ್ಳುತ್ತಾನಲ್ಲ ಎಂದು ಅವನು ಹಲ್ಲು ಕಚ್ಚಿದ.

ಮುಂದಾಳುವಿನ ಹೆಂಡತಿ ದಾರವನ್ನು ರಾಟೆಗೆ ಸುತ್ತುತ್ತಿದ್ದಳು. ತಲೆಯೆತ್ತದೆಯೇ, "ಅವತ್ತು ಮನೆಗೆ ತಂದ ಆ ಕೆಟಲ್‌ನಲ್ಲಿ ಒಂದು ದಿನಾನೂ ಚಹಾ ಕಾಸೋಕೆ ಬಿಡಲಿಲ್ಲ ಅವರು," ಎಂದಳು. "ಕಣ್ಣಿಗೆ ಬಿದ್ದರೂ ಮುಖ ತಿರುಗಿಸ್ತಿದ್ರು." ಏಕೆಂದು ಯಾರೂ ಕೇಳಲಿಲ್ಲ. ಆಕೆ ರಾಟೆಯನ್ನು ನೆರಳಿನ ಮಡಿಲಲ್ಲಿಟ್ಟಳು. "ನೀವೇ ಒಯ್ಯಿರಿ, ಮೈದುನ," ಎಂದಳು; ನೆಂಟಸ್ತಿಕೆಯಿಲ್ಲದಿದ್ದರೂ ಹಾಗೆ ಕರೆಯುವುದೇ ರೂಢಿ.

"ಆಗಲಿ, ಅತ್ತಿಗೆ," ಎಂದ ನೆರಳು.

ಬೆಳಿಗ್ಗೆ ತಾತ ದೋಣಿ ನೋಡಿಕೊಂಡ. ದೋಣಿಯವಳು ನೆರಳಿನ ಹಿಂದೆ ಇಳಿದಳು. ಹಡಗಿನ ಬಾಗಿಲು ಬಂದೊಡನೆ ಅವನು ಪಕ್ಕಕ್ಕೆ ಸರಿದು, ದೀಪವನ್ನು ಒಳಕ್ಕೆ ಹಿಡಿದು ನಿಂತ. ಒಬ್ಬನು ತನ್ನನ್ನು ದಾಟಿ ಒಳಗೆ ಹೋಗಬೇಕಿತ್ತು. ಅವನ ಕಾಲಿಗೆ ತೊಟ್ಟ ರಬ್ಬರಿನ ರೆಕ್ಕೆ ಮುಖದತ್ತ ನೀರು ತಳ್ಳಬೇಕಿತ್ತು. ಆಮೇಲೆ ತಾನು ಎಂದಿನಂತೆ ಮನಸ್ಸಿನಲ್ಲೇ ಬೈಯುತ್ತ ಹಿಂಬಾಲಿಸಬೇಕಿತ್ತು. ದೀಪದ ಬೆಳಕಿನಲ್ಲಿ ಖಾಲಿ ನೀರಷ್ಟೇ ಇತ್ತು. ಹೊಟ್ಟೆಕಿಚ್ಚು ಪಡುವುದಕ್ಕೂ ಮುಂದೆ ಯಾರಾದರೂ ಬೇಕಲ್ಲವೇ?

ದೋಣಿಯವಳು ಅವನ ಮೊಣಕೈ ಹಿಡಿದು ಮುಂದಕ್ಕೆ ತಳ್ಳಿದಳು. ಹೋಗು ಎಂಬುದಕ್ಕೆ ನೀರಿನೊಳಗಿನ ಮಾತು ಅದು. ಅವನು ಹೋದ. ಅಡುಗೆಕೋಣೆಯಲ್ಲಿ ಕೆಟಲ್ ನೇತಾಡುತ್ತಿದ್ದ ಕೊಕ್ಕೆಗೇ ರಾಟೆಯನ್ನು ಕಟ್ಟಿದ. ಬೇರೆ ಗಂಟು ಹಾಕಲು ಅವನ ಬೆರಳುಗಳಿಗೆ ಬರುತ್ತಲೂ ಇರಲಿಲ್ಲ.

ದೋಣಿ ಹತ್ತಿದ್ದೇ ದೋಣಿಯವಳು ಮುಖಕ್ಕೆ ಕಟ್ಟಿದ್ದ ಈಜುಗನ್ನಡಕ ಕಿತ್ತೆಸೆದಳು. "ತಾತಾ, ನೀನು ನೋಡಬೇಕಿತ್ತು! ಥೇಟು ಯಜಮಾನ್ರದೇ ಗಂಟು!"

"ಶಿಷ್ಯ ಯಾರು ಮತ್ತೆ!" ಎಂದ ತಾತ.

ಅದು ನನ್ನ ಗಂಟು ಎಂಬ ಮಾತು ನೆರಳಿನ ನಾಲಿಗೆಯ ತುದಿಗೆ ಬಂದಿತ್ತು. ಕೈಗವಸು ಕಳಚಿ, ಬಿಳಿಚಿಕೊಂಡ ಬೆರಳುಗಳನ್ನು ನೋಡಿದ.

"ಅವನದೇ," ಎಂದ. ಬಾಯಿಗೆ ಸೇರಿದ್ದ ಉಪ್ಪುನೀರನ್ನು ಕಡಲಿಗೆ ಉಗಿದು, "ಆದ್ರೆ ಅವನು ಕಟ್ಟಿದ್ರೆ ಯಾವಾಗಲೂ ಒಂಚೂರು ಸಡಿಲ ಇರ್ತಿತ್ತು," ಎಂದ.