ಪರದೆಯ ಮುಂದೆ ಸುಮ್ಮನಾದ ಯಾಕಮ್ಮ

ನಮ್ಮ ಬೀದಿಯಲ್ಲಿ ಯಾರ ಮನೆಯ ಮಗಳು ಹನ್ನೆರಡನೇ ತರಗತಿ ಮುಗಿಸಿದರೂ ಇಡೀ ಬೀದಿಗೆ ಕೆಲಸ ಬರುತ್ತದೆ. ಒಬ್ಬರು ನರ್ಸಿಂಗ್ ಎನ್ನುತ್ತಾರೆ, ಇನ್ನೊಬ್ಬರು ಟೀಚರ್ ಆಗಲಿ ಎನ್ನುತ್ತಾರೆ. ನನ್ನ ತಂಗಿ ಪತ್ರಿಕೋದ್ಯಮ ಓದುತ್ತೇನೆ ಎಂದಾಗ ಮಾತ್ರ ಎಲ್ಲರೂ ಒಂದು ಗಳಿಗೆ ಬಾಯಿ ಮುಚ್ಚಿದರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

ತಂಗಿಗೆ ಮನೆಯಲ್ಲಿ ಯಾಕಮ್ಮ ಎಂದೇ ಹೆಸರು. ಮಾತು ಬಂದಾಗಿನಿಂದ ಎಲ್ಲದಕ್ಕೂ "ಯಾಕೆ?" ನಲ್ಲಿಯಲ್ಲಿ ನೀರು ಬರದಿದ್ದರೆ ನಾವೆಲ್ಲ ಕೊಡ ಹಿಡಿದು ಕಾಯುತ್ತೇವೆ, ಅವಳು ನೀರು ಬಿಡುವವನ ಮನೆ ಬಾಗಿಲು ತಟ್ಟುತ್ತಾಳೆ.

ಅಪ್ಪನದು ಫೋಟೋ ಸ್ಟುಡಿಯೋ. ಒಂದೇ ಕೋಣೆ, ಗೋಡೆಯ ತುಂಬ ಚಿತ್ರ ಬಿಡಿಸಿದ ಬಣ್ಣದ ಪರದೆ: ಬಿಳಿ ಮೆಟ್ಟಿಲು, ಎರಡು ಕಂಬ, ಆಚೆಗೊಂದು ಸರೋವರ. ಒಮ್ಮೆ ಒಂದು ಮಗು ಆ ಮೆಟ್ಟಿಲು ಹತ್ತಲು ಓಡಿ ಮೂಗು ಜಜ್ಜಿಕೊಂಡಿತ್ತು. ಅಪ್ಪ ಅದನ್ನು ಪರದೆಗೆ ಸಿಕ್ಕ ಪ್ರಶಸ್ತಿಯಂತೆ ಎಲ್ಲರಿಗೂ ಹೇಳುತ್ತಾರೆ.

ಯಾಕಮ್ಮನನ್ನು ಕರೆದುಕೊಂಡು ಊರಾಚೆಯ ಹೊಸ ಕಾಲೇಜು ನೋಡಿ ಬಂದ ದಿನ ಅಪ್ಪನ ಕಾಲು ನೆಲದ ಮೇಲಿರಲಿಲ್ಲ.

"ಏನು ಲೈಟಿಂಗು, ಏನು ಲೈಟಿಂಗು! ಟೀವಿ ಚಾನೆಲ್ ಥರದ್ದೇ ಸ್ಟುಡಿಯೋ ಇದೆ. ಶನಿವಾರದೊಳಗೆ ಮುಂಗಡ ಕಟ್ಟಿದ್ರೆ ಸೀಟು ನಮ್ಮದು."

"ಕಟ್ಟೋದು ಎಲ್ಲಿಂದ?" ಅಮ್ಮ ಕೇಳಿದಳು.

"ದೊಡ್ಡ ಕ್ಯಾಮೆರಾ ಮಾರ್ತೀನಿ."

"ಮಾರಿ ಆಮೇಲೆ ಫೋಟೋ ಯಾವುದರಲ್ಲಿ ತೆಗೀತೀರಿ, ಕಣ್ಣಲ್ಲಾ?"

ಅಮ್ಮ ನಗಲಿಲ್ಲ. ನಮ್ಮ ಮನೆಯ ಒಲೆ ಉರಿಯುವುದು ಆ ಕ್ಯಾಮೆರಾದಿಂದ. ಅದು ಹೋದರೆ ಉಳಿಯುವುದು ಪರದೆಯೊಂದೇ.

ಅಷ್ಟರಲ್ಲಿ ಚಿಕ್ಕಮ್ಮ ಬಂದಳು. ಪತ್ರಿಕೆಯೊಂದರ ಕಚೇರಿಯಲ್ಲಿ ಬೇರೆಯವರು ಬರೆದ ಸುದ್ದಿ ತಿದ್ದುವುದು ಅವಳ ಕೆಲಸ. ಚಪ್ಪಲಿ ಬಿಡುತ್ತಲೇ ಯಾಕಮ್ಮನನ್ನು ಕೇಳಿದಳು.

"ಅಲ್ಲಿ ಏನೇನು ಕೇಳ್ದೆ?"

"ಏನೂ ಕೇಳ್ಲಿಲ್ಲ ಚಿಕ್ಕಮ್ಮ. ಮೆತ್ತನೆ ಕುರ್ಚಿ, ಎಸಿ, ಜ್ಯೂಸ್ ಬೇರೆ ಕೊಟ್ರು. ಕೇಳಿದ್ರೆ ಏನಂದ್ಕೋತಾರೋ ಅಂತ..."

"ನೀರು ಬಿಡೋನನ್ನ ನಡುಬೀದಿಯಲ್ಲಿ ನಿಲ್ಲಿಸಿ ಕೇಳೋಳು, ಒಂದು ಲೋಟ ಜ್ಯೂಸಿಗೆ ನಿನ್ನ ಬಾಯಿ ಕಟ್ಟಿಹೋಯ್ತಾ? ಪತ್ರಕರ್ತೆ ಆಗ್ಬೇಕು ಅನ್ನೋಳು ಮೊದಲನೇ ವರದಿ ಆ ಕಾಲೇಜಿನ ಮೇಲೇ ಮಾಡೇ!"

ಯಾಕಮ್ಮನ ಕಿವಿ ಕೆಂಪಾಯಿತು. ಆದರೆ ಕಣ್ಣಲ್ಲಿ ಹಳೆಯ ಹೊಳಪು ಬಂತು. "ಏನು ಕೇಳ್ಲಿ?"

"ಆಫೀಸಿನೋರನ್ನ ಕೊನೇಲಿ ಕೇಳು. ಮೊದಲು ಎರಡನೇ ವರ್ಷದ ಮಕ್ಕಳನ್ನ ಹಿಡಿ. ಹೋದ ವಾರ ಏನು ಬರೆದ್ರಿ, ತಿದ್ದಿದ್ದು ಯಾರು? ಇಷ್ಟು ಕೇಳು, ಮಿಕ್ಕಿದ್ದು ತಾನೇ ಬಿಚ್ಕೊಳ್ಳುತ್ತೆ."

"ಅಷ್ಟೇನಾ? ಕಟ್ಟಡ, ಕಂಪ್ಯೂಟರು ಏನೂ ಬೇಡ್ವಾ?" ಅಪ್ಪ ಮುಖ ಸಿಂಡರಿಸಿದರು.

"ಭಾವ, ನಮ್ಮ ಆಫೀಸಿಗೆ ಹೊಸಬರು ಕಟ್ಟಡ ಹೊತ್ಕೊಂಡು ಬರಲ್ಲ. ಒಂದು ಘಟನೆ ಕೊಟ್ಟು ಬರೀರಿ ಅಂತೀವಿ. ಆಗ ಗೊತ್ತಾಗುತ್ತೆ ಯಾರು ಎಲ್ಲಿ ಓದಿದ್ರು ಅಂತ. ದುಬಾರಿ ಕಾಲೇಜೆಲ್ಲ ಕೆಟ್ಟದ್ದಲ್ಲ, ಅಗ್ಗದ್ದೆಲ್ಲ ಒಳ್ಳೇದೂ ಅಲ್ಲ. ಹೋಗಿ ನೋಡ್ಬೇಕು. ಇನ್ನೊಂದು ಮಾತು, ಮೂರೂ ವರ್ಷದ ಫೀಸು ಬರೆದು ಕೊಡಿ ಅನ್ನಿ. ಪರೀಕ್ಷೆ, ಲ್ಯಾಬು, ಬಸ್ಸು ಎಲ್ಲಾ ಸೇರಿಸಿ. ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲೇ ಉತ್ತರ ಸಿಕ್ಕಿತು ಅಂದ್ಕೊಳ್ಳಿ."

ಮರುದಿನ ಅಪ್ಪ ಅಂಗಡಿಗೆ ಬೀಗ ಹಾಕಿದರು. ಅಪ್ಪ, ಯಾಕಮ್ಮ, ನಾನು ಮೂವರೂ ಹೊರಟೆವು.

ಮೊದಲು ಕಡಿಮೆ ಫೀಸಿನ ಒಂದು ಕಾಲೇಜು. ಪತ್ರಿಕೋದ್ಯಮ ವಿಭಾಗದ ಬಾಗಿಲಿಗೆ ಬೀಗ. "ಸರ್ ನಿವೃತ್ತರಾದ್ರು, ಬೇರೆಯವರು ಬಂದಿಲ್ಲ. ಪರೀಕ್ಷೆ ಮಾತ್ರ ಬರುತ್ತೆ," ಎಂದ ಒಬ್ಬ ಹುಡುಗ.

"ಕಂಡ್ಯಾ? ಕಾಸಿಗೆ ತಕ್ಕ ಕಜ್ಜಾಯ," ಎಂದು ಅಪ್ಪ ಗೆದ್ದವರಂತೆ ನಕ್ಕರು.

ಆಮೇಲೆ ಅದೇ ಹೊಸ ಕಾಲೇಜು. ನಾನು ಎಲ್ಲಿ ಹೋದರೂ ಬಾಗಿಲ ಬಳಿ ನಿಲ್ಲುವವಳು, ಅಲ್ಲಿಯೂ ನಿಂತೆ. ಯಾಕಮ್ಮ ಕ್ಯಾಂಟೀನಿನಲ್ಲಿ ಇಬ್ಬರು ಹುಡುಗಿಯರನ್ನು ಹಿಡಿದಳು.

"ಅಕ್ಕ, ಆ ಸ್ಟುಡಿಯೋದಲ್ಲಿ ಹೋದ ವಾರ ಏನು ಮಾಡಿದ್ರಿ? ಏನು ಬರೆದ್ರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಡ್ಮಿಷನ್ ದಿನ ಅಲ್ಲಿ ನಿಲ್ಲಿಸಿ ಫೋಟೋ ತೆಗೆದ್ರು. ಆಮೇಲೆ ಒಳಗೆ ಬಿಟ್ಟಿಲ್ಲ. ಬರೆಯೋದಾ? ನೋಟ್ಸ್ ಕೊಡ್ತಾರೆ, ಅದನ್ನೇ ಬರೀತೀವಿ."

ಆಫೀಸಿನಲ್ಲಿ ಅಪ್ಪ ಮೂರು ವರ್ಷದ ಫೀಸು ಬರೆದುಕೊಡಿ ಎಂದರು. "ಮುಂದಿನದ್ದು ಮುಂದೆ ನೋಡೋಣ ಸರ್, ಮೊದಲು ಸೀಟು ಹಿಡೀರಿ," ಎಂದು ಉತ್ತರ ಬಂತು. ಹಿಂದೆಯೇ ಜ್ಯೂಸ್ ಬಂತು. ಅಪ್ಪ ಕುಡಿಯಲಿಲ್ಲ.

ಕೊನೆಯದು ಮಾರುಕಟ್ಟೆಯ ಹಿಂದಿನ ಸರ್ಕಾರಿ ಕಾಲೇಜು. "ಈ ಗೋಡೆ ಸುಣ್ಣ ಕಂಡು ಯಾವ ಕಾಲ ಆಯ್ತೋ," ಎಂದು ಅಪ್ಪ ಗೊಣಗಿದರು. ಆದರೆ ಆ ಗೋಡೆಯ ಉದ್ದಕ್ಕೂ ವಿದ್ಯಾರ್ಥಿಗಳ ಬರಹಗಳನ್ನು ಅಂಟಿಸಿದ್ದರು. ಪ್ರತಿ ಹಾಳೆಯಲ್ಲೂ ಕೆಂಪು ಶಾಯಿ. ಯಾಕಮ್ಮ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದಳು: "ಇದನ್ನು ಯಾರು ಹೇಳಿದರು? ನೀನು ಹೋಗಿ ನೋಡಿದೆಯಾ? ಆ ಕಡೆಯವರನ್ನು ಕೇಳಿದೆಯಾ?"

"ಅಕ್ಕ, ಇವರೂ ನನ್ನ ಥರಾನೇ ಕೇಳ್ತಾರೆ!" ಎಂದು ನನ್ನ ಕೈ ಹಿಂಡಿದಳು.

"ಅದು ನಂದು, ದೀಪ ಇಲ್ಲದ ಬೀದಿ ಬಗ್ಗೆ," ಎಂದು ಹಿಂದಿನಿಂದ ಒಬ್ಬ ಹುಡುಗಿ ನಕ್ಕಳು. "ಮೂರು ಸಲ ಬರೆಸಿದ್ರು. ಮನಸ್ಸಲ್ಲೇ ಬೈಕೊಂಡೆ. ಕೊನೆಗೆ ನಮ್ಮ ಕಾಲೇಜು ಪತ್ರಿಕೇಲಿ ಅಚ್ಚಾಯ್ತು, ಆ ಬೀದಿಗೆ ದೀಪಾನೂ ಬಂತು. ಸರಿ, ನೀವು ಯಾವ ಬೀದಿಯೋರು? ಅಲ್ಲಿ ಏನು ತೊಂದರೆ?" ಪೆನ್ನು ಆಗಲೇ ಅವಳ ಕೈಯಲ್ಲಿತ್ತು. ಯಾಕಮ್ಮನನ್ನೇ ಪ್ರಶ್ನೆ ಕೇಳಿದವರನ್ನು ನಾನು ಅಂದೇ ಮೊದಲು ಕಂಡದ್ದು.

ಅಪ್ಪ ಕ್ಯಾಮೆರಾ ತೋರಿಸಿ ಎಂದರು. ಇದ್ದದ್ದು ಒಂದೇ, ಸರದಿಯ ಮೇಲೆ ಎಲ್ಲರಿಗೂ. ಪಟ್ಟಿ ಹರಿದಲ್ಲಿ ಟೇಪು ಸುತ್ತಿದ್ದರು, ಕೈ ತಾಗಿ ತಾಗಿ ಅಂಚು ಸವೆದಿತ್ತು. ಅಪ್ಪ ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಕೆಂಪು ಶಾಯಿಯಲ್ಲಿ ತಿದ್ದುವ ಮೇಷ್ಟ್ರು ಬಂದರು. ಫೀಸಿನ ಪಟ್ಟಿ ಕೇಳುವ ಮೊದಲೇ ಕೊಟ್ಟರು. ವಿಶ್ವವಿದ್ಯಾಲಯದ ಮಾನ್ಯತೆಯ ಪತ್ರ ತೋರಿಸಿದರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಯಾವಾಗ ಹಾಕಬೇಕೆಂದು ತಿಳಿಸಿದರು.

"ಕೆಲಸ ಕೊಡಿಸ್ತೀರಾ?" ಅಪ್ಪ ಬಿಡಲಿಲ್ಲ.

"ಎಲ್ಲರಿಗೂ ಕೊಡಿಸ್ತೀನಿ ಅಂದ್ರೆ ಸುಳ್ಳಾಗುತ್ತೆ. ರಜೆಯಲ್ಲಿ ಪತ್ರಿಕೆ, ರೇಡಿಯೋಗಳಿಗೆ ತರಬೇತಿಗೆ ಕಳಿಸ್ತೀವಿ. ಹೋದ ವರ್ಷ ಓದಿ ಹೋದೋರ ಫೋನ್ ನಂಬರ್ ಇದೆ, ನಾನು ಹೇಳೋದು ಬೇಡ, ನೀವೇ ಮಾತಾಡಿ."

ಅಪ್ಪ ಮನೆಗೆ ಬಾರದೆ ನೇರವಾಗಿ ಹೋಗಿ ಸ್ಟುಡಿಯೋದ ಬೀಗ ತೆಗೆದರು. ದೊಡ್ಡ ಕ್ಯಾಮೆರಾ ಹೊರತೆಗೆದು, "ಸರ್ಕಾರಿ ಕಾಲೇಜಿನ ಅರ್ಜಿಗೆ ಫೋಟೋ ಬೇಕಲ್ವಾ, ನಿಲ್ಲು," ಎಂದರು.

ಯಾಕಮ್ಮ ಅಭ್ಯಾಸದಂತೆ ಬಿಳಿ ಮೆಟ್ಟಿಲ ಮುಂದೆ ಹೋಗಿ ನಿಂತಳು.

"ಅಲ್ಲಿ ಬೇಡ, ಬರೀ ಗೋಡೆ ಹತ್ರ ಬಾ."

"ಯಾಕಪ್ಪಾ?"

"ಆ ಮಗು ಮೂಗು ಜಜ್ಜಿಕೊಂಡಾಗ ಊರೆಲ್ಲಾ ಹೇಳ್ಕೊಂಡು ನಕ್ಕೆ. ಈ ಸಲ ನನ್ನ ಮೂಗು ಸ್ವಲ್ಪದರಲ್ಲಿ ಉಳೀತು ಕಣೇ."

ನಿಮ್ಮ ಮನೆಯಲ್ಲೂ ಒಬ್ಬ ಯಾಕಮ್ಮ ಇರಬಹುದು. ಸುದ್ದಿ ಬರೆಯುವ ಆಸೆ ಅವಳಿಗಿದ್ದರೆ ದುಡ್ಡಿಲ್ಲವೆಂದು ಬೇಡ ಅನ್ನಬೇಡಿ, ಹೊಳಪು ಕಂಡು ಇದ್ದದ್ದನ್ನು ಮಾರಲೂ ಬೇಡಿ. ಮುಂಗಡ ಕಟ್ಟುವ ಮೊದಲು ಅವಳನ್ನು ಕರೆದುಕೊಂಡು ಎರಡು ಮೂರು ಕಾಲೇಜಿಗೆ ಹೋಗಿ. ಮಾನ್ಯತೆ ನೋಡಿ, ಪೂರ್ತಿ ಫೀಸು ಬರೆಸಿಕೊಳ್ಳಿ, ವಿದ್ಯಾರ್ಥಿವೇತನ ವಿಚಾರಿಸಿ. ಅಲ್ಲಿ ಓದುತ್ತಿರುವ ಮಕ್ಕಳನ್ನು ಮಾತಾಡಿಸಿ. ಕೇಳಲು ನಾಚಿಕೆಯಾದರೆ, ಆಗಲಿ, ನನಗೂ ಆಗುತ್ತದೆ. ನಾಚಿಕೊಂಡೇ ಕೇಳಿ. ಪ್ರಶ್ನೆ ಕೇಳುವುದನ್ನು ಕಲಿಸುವ ಕಾಲೇಜು, ನಿಮ್ಮ ಪ್ರಶ್ನೆಗೆ ಬೇಸರಪಡುವುದಿಲ್ಲ.